ಛಾಪಿಸಿ ಕೊಟ್ಟ ಜವಾಬು

ಪುಣೆಯಲ್ಲಿ ನಮ್ಮ ಕನ್ನಡದವರ ಸಂಘವೊಂದಿದೆ. ಹೆಸರು ಬೇಡ. ನಾನೇ ಅದರ ಖಜಾಂಚಿಯಾಗಿದ್ದವನು, ಬೈದರೆ ಅರ್ಧ ಬೈಗುಳ ನನಗೇ ಬರುತ್ತದೆ. 2023ರ ಜುಲೈ ತಿಂಗಳಲ್ಲಿ ಆ ಸಂಘದವರು ಎರಡು ದಿನದ ಗೀಗೀ ಪದಗಳ ಕಮ್ಮಟ ನಡೆಸಿದೆವು. ಬೆಂಗಳೂರಿನಿಂದ ಒಬ್ಬ ತರಬೇತುದಾರರು, ಅವರ ಜೊತೆ ಕೀಬೋರ್ಡಿನವರೊಬ್ಬರು, ರಿದಮ್ ಪ್ಯಾಡಿನವರೊಬ್ಬರು. ವಿಜಾಪುರ ಜಿಲ್ಲೆಯಿಂದ (ಈಗ ವಿಜಯಪುರ ಅಂತ ಬರೀಬೇಕು, ಕೈಗೆ ಇನ್ನೂ ರೂಢಿಯಾಗಿಲ್ಲ) ಒಂದು ನಾಗೇಶಿ ಮೇಳ: ಮುಂದೆ ಹಾಡುವ ಹೆಣ್ಣುಮಗಳು, ಹಿಮ್ಮೇಳಕ್ಕೆ ಇಬ್ಬರು ಗಂಡಸರು. ಕಲಿಯಲು ಬಂದವರು ನಲವತ್ತೆರಡು ಮಂದಿ. ಊಟ ಚೆನ್ನಾಗಿತ್ತು, ಫೋಟೋ ಚೆನ್ನಾಗಿ ಬಂದವು, ಎಲ್ಲರೂ ಖುಷಿಯಾಗಿ ಮನೆಗೆ ಹೋದರು. ಆದರೂ ಆ ಎರಡು ದಿನದ ಬಗ್ಗೆ ನನ್ನ ತಕರಾರು ಇದೆ, ಅದನ್ನು ಊರಿನ ಕಡೆಯ ಓದುಗರ ಮುಂದೆ ಇಡಬೇಕು ಅನ್ನಿಸಿದೆ.

ನಾನು ಹುಟ್ಟಿದ್ದು ಇಂಡಿ ತಾಲೂಕಿನಲ್ಲಿ. ಎಪ್ಪತ್ತರ ದಶಕದಲ್ಲಿ ಜಾತ್ರೆ ಬಂತೆಂದರೆ ಗುಡಿಯ ಮುಂದಿನ ಕಟ್ಟೆಯ ಮೇಲೆ ಹರದೇಶಿ–ನಾಗೇಶಿ ಇದ್ದೇ ಇರುತ್ತಿತ್ತು. ದಕ್ಷಿಣದ ಓದುಗರಿಗಾಗಿ ಒಂದು ಮಾತು: ಹರದೇಶಿಯವರು ಶಿವ ಹೆಚ್ಚು, ಗಂಡು ಹೆಚ್ಚು ಎಂದು ವಾದ ಹೂಡುತ್ತಾರೆ. ನಾಗೇಶಿಯವರು ಶಕ್ತಿ ಹೆಚ್ಚು, ಹೆಣ್ಣು ಹೆಚ್ಚು ಎನ್ನುತ್ತಾರೆ. ಒಂದು ಮೇಳ ಹಾಡಿನಲ್ಲೇ ಸವಾಲು ಹಾಕುತ್ತದೆ, ಎದುರಿನ ಮೇಳ ಹಾಡಿನಲ್ಲೇ ಜವಾಬು ಕೊಡಬೇಕು. ಕೈಯಲ್ಲಿ ದಪ್ಪು, ತುಂತುಣಿ, ತಾಳ. ಪ್ರತಿ ನುಡಿಯ ಕೊನೆಗೆ ಹಿಮ್ಮೇಳದವರು ‘ಗೀಯ ಗಾ’ ಅಂತ ಎತ್ತಿಕೊಳ್ಳುತ್ತಾರೆ, ಗೀಗೀ ಎನ್ನುವ ಹೆಸರೇ ಅದರಿಂದ ಬಂದದ್ದು. ರಾತ್ರಿ ಊಟ ಮಾಡಿ ಕೂತರೆ ಬೆಳಗಿನತನಕ. ನಮ್ಮ ದೊಡ್ಡಪ್ಪ ಒಂದು ಮೇಳದಲ್ಲಿ ತುಂತುಣಿ ಹಿಡಿಯುತ್ತಿದ್ದರು. ಜವಾಬು ಹೊಳೆಯದೆ ಹಾಡುಗಾರ ತಡವರಿಸಿದಾಗ ದೊಡ್ಡಪ್ಪ ‘ಗೀಯ ಗಾ’ವನ್ನು ಎರಡು ಸುತ್ತು ಹೆಚ್ಚಿಗೆ ಎಳೆದು ಅವನಿಗೆ ಯೋಚನೆಗೆ ಸಮಯ ಮಾಡಿಕೊಡುತ್ತಿದ್ದರು. ಕೇಳುವವರಿಗೂ ಅದು ತಿಳಿಯುತ್ತಿತ್ತು. ‘ಸಿಕ್ಕೊಂಡಾ, ಸಿಕ್ಕೊಂಡಾ’ ಎಂದು ಹಿಂದಿನಿಂದ ಸಿಳ್ಳು ಬೀಳುತ್ತಿತ್ತು.

ಪುಣೆಯಲ್ಲಿ ಈ ಕಲೆಯನ್ನು ಕಲಿಸುವುದಕ್ಕೆ ಅರ್ಥವಿದೆ. ಇದು ಈ ಸೀಮೆಗೆ ಪರಕೀಯವಲ್ಲ. ಮರಾಠಿಯ ಕಲ್ಗಿ–ತುರಾ ಇದೇ ಜಗಳ: ಕಲ್ಗಿಯವರು ಶಕ್ತಿಯ ಪಕ್ಷ, ತುರಾದವರು ಶಿವನ ಪಕ್ಷ. ಅಲ್ಲಿಯೂ ಡಫ, ತುಣತುಣೆ. 1956ರವರೆಗೆ ನಮ್ಮ ಜಿಲ್ಲೆ ಮುಂಬಯಿ ಪ್ರಾಂತದಲ್ಲೇ ಇತ್ತಲ್ಲ, ಹಾಡುಗಾರರಿಗೆ ಗಡಿ ಎಲ್ಲಿಯದು? ಹಲಸಂಗಿಯ ಖಾಜಾಭಾಯಿ ಲಾವಣಿ ಕಟ್ಟಿದರು, ಅದೇ ಊರಿನ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಅಚ್ಚು ಹಾಕಿಸಿದರು. ಸ್ವಾತಂತ್ರ್ಯ ಚಳವಳಿಯಲ್ಲಿ ಹುಲಕುಂದದ ಕವಿಗಳು ಗೀಗೀಯನ್ನೇ ಕೈಗೆತ್ತಿಕೊಂಡರು. ಆಮೇಲೆ ಸರ್ಕಾರದವರು ಕುಟುಂಬ ಯೋಜನೆಗೂ ಸಾಕ್ಷರತೆಗೂ ಅದನ್ನೇ ದುಡಿಸಿಕೊಂಡರು. ಸೊಲ್ಲಾಪುರದಲ್ಲಿ ನಾನು ನೌಕರಿಯಲ್ಲಿದ್ದಾಗ ಕೌಂಟರಿನ ಮುಂದೆ ನಿಂತ ರೈತರು ಒಂದೇ ಉಸಿರಿನಲ್ಲಿ ಕನ್ನಡ, ಮರಾಠಿ ಎರಡೂ ಆಡುತ್ತಿದ್ದರು. ಈ ಹಾಡೂ ಹಾಗೆಯೇ ಬೆಳೆದದ್ದು.

ಇನ್ನು ಕಮ್ಮಟಕ್ಕೆ ಬರೋಣ. ಮೊದಲ ತಪ್ಪು ನನ್ನದೇ. ಪತ್ರ ಬರೆದಾಗ ಮೇಳದವರು ‘ಎದುರು ಮೇಳಾನೂ ಕರಸ್ರಿ’ ಅಂದಿದ್ದರು. ಬಜೆಟ್ ನೋಡಿ ಒಂದನ್ನು ಹೊಡೆದು ಹಾಕಿದವನು ನಾನು. ಒಬ್ಬ ಪೈಲವಾನನನ್ನಷ್ಟೇ ಕರೆಸಿ ಕುಸ್ತಿ ಇಟ್ಟ ಹಾಗಾಯಿತು. ಜಗಳವೇ ಜೀವವಾಗಿರುವ ಕಲೆಗೆ ಎದುರಾಳಿಯೇ ಇಲ್ಲ!

ತರಬೇತುದಾರರು ಸಜ್ಜನರು, ಒಳ್ಳೆಯ ಕಂಠ. ಆದರೆ ಅವರು ತಂದದ್ದು ಸುಗಮ ಸಂಗೀತದ ಅಳತೆಗೋಲು. ನಾಲ್ಕು ಪದ ಆರಿಸಿದರು, ಒಂದೊಂದಕ್ಕೆ ಮೂರು ನಿಮಿಷ. ಕೀಬೋರ್ಡಿನಲ್ಲಿ ಶ್ರುತಿ ಗಟ್ಟಿ ಮಾಡಿದರು. ಎತ್ತರದ ದನಿಯಲ್ಲಿ ಹಾಡುವ ಆ ಹೆಣ್ಣುಮಗಳಿಗೆ ‘ಸ್ವಲ್ಪ ಕೆಳಗೆ, ಎಲ್ಲರಿಗೂ ಹಾಡೋಕೆ ಬರಬೇಕು’ ಅಂದರು. ಅದೂ ಹೋಗಲಿ. ನನಗೆ ಸಂಕಟವಾದದ್ದು ಹಿಮ್ಮೇಳದ ವಿಷಯದಲ್ಲಿ. ಗೀಗೀಯಲ್ಲಿ ಮುಂದಿನವರ ಸಾಲು ಮುಗಿಯುವ ಮೊದಲೇ ಹಿಮ್ಮೇಳದವರು ಕೊನೆಯ ಅಕ್ಷರದ ಮೇಲೆ ಹತ್ತಿಬಿಡುತ್ತಾರೆ. ಒಬ್ಬರ ಉಸಿರು ಮುಗಿಯುವಲ್ಲಿ ಇನ್ನೊಬ್ಬರದು ಶುರುವಾಗಿಯೇ ಇರುತ್ತದೆ, ನಡುವೆ ಸಂದು ಇಲ್ಲ. ರಾತ್ರಿಯೆಲ್ಲ ಹಾಡಿದರೂ ಗಂಟಲು ಉಳಿಯುವುದು, ಕೇಳುವವನಿಗೆ ನಿದ್ದೆ ಬಾರದಿರುವುದು ಇದರಿಂದ. ಕಮ್ಮಟದಲ್ಲಿ ಇದನ್ನು ‘ಓವರ್‌ಲ್ಯಾಪ್’ ಎಂದು ತಿದ್ದಲಾಯಿತು. ಸಾಲು ಪೂರ್ತಿ ಮುಗಿಯಲಿ, ಎರಡು ಮಾತ್ರೆ ಬಿಡಿ, ಆಮೇಲೆ ಕೋರಸ್. ಹಿಮ್ಮೇಳದ ಹಿರಿಯರು, ನನಗಿಂತ ಹತ್ತು ವರ್ಷ ದೊಡ್ಡವರು, ಎರಡು ಸಲ ಪ್ರಯತ್ನ ಮಾಡಿ ನನ್ನ ಕಡೆ ತಿರುಗಿ ಮೆಲ್ಲಗೆ ಅಂದರು, ‘ಸಾಹೇಬ್ರ, ಹಿಂಗ ಹಾಡಿದ್ರ ದಮ್ಮ ಹತ್ತತೈತ್ರಿ.’

ದಪ್ಪಿನ ಕಥೆ ಬೇರೆ. ಪುಣೆಯ ಜುಲೈ ಮಳೆ, ಹಾಲಿನೊಳಗೆ ಎಸಿ. ಚರ್ಮ ಮೆತ್ತಗಾಗಿ ದಪ್ಪು ಒದ್ದೆ ಚೀಲ ಬಡಿದ ಹಾಗೆ ಕೇಳುತ್ತಿತ್ತು. ಅದನ್ನು ಬೆಂಕಿಗೆ ಹಿಡಿದು ಕಾಯಿಸಬೇಕು. ಹಾಲಿನ ಮ್ಯಾನೇಜರು ಬೆಂಕಿ ಬಿಲ್‌ಕುಲ್ ಬೇಡ ಅಂದರು. ‘ತೊಂದರೆ ಇಲ್ಲ, ಪ್ಯಾಡಿನಲ್ಲಿ ದಪ್ಪಿನ ಸೌಂಡ್ ಇದೆ’ ಎಂದರು ಪ್ಯಾಡಿನವರು. ನಿಜವಾಗಿಯೂ ಇತ್ತು. ದಪ್ಪನ್ನು ಕುರ್ಚಿಯ ಮೇಲೆ ಇಟ್ಟು, ಅದನ್ನು ಬಾರಿಸಬೇಕಾದ ಹೆಣ್ಣುಮಗಳು ಕೈಕಟ್ಟಿ ನಿಂತು ಹಾಡಿದಳು.

ಎರಡನೆಯ ದಿನ ಊಟದ ಹೊತ್ತು. ಹಾಲಿನ ಹಿಂದೆ ಅಡಿಗೆಯವರ ಒಲೆ ಉರಿಯುತ್ತಿತ್ತು. ಹಿರಿಯರು ಯಾರನ್ನೂ ಕೇಳದೆ ದಪ್ಪನ್ನು ಒಲೆಯ ಮೇಲೆ ಹಿಡಿದು ಕಾಯಿಸಿ, ಬೆರಳಿನಿಂದ ಒಂದು ಸಲ ತಟ್ಟಿದರು. ಠಣ್ ಅಂತು. ಕಲಿಯಲು ಬಂದವರಲ್ಲಿ ಐಟಿ ಕಂಪನಿಯ ಹುಡುಗಿಯೊಬ್ಬಳು ತಾಟು ಹಿಡಿದು ಅಲ್ಲೇ ನಿಂತಿದ್ದಳು. ಇಲ್ಲಿಯೇ ಹುಟ್ಟಿ ಬೆಳೆದವಳು, ಕನ್ನಡ ಅರ್ಧಂಬರ್ಧ. ನಗುತ್ತಾ ಕೇಳಿದಳು: ‘ಅಕ್ಕಾ, ನನ್ನ ನೈಟ್ ಶಿಫ್ಟ್. ಅತ್ತೆ ಅಂತಾರೆ ರೊಟ್ಟಿ ಮಾಡೋರು ಯಾರು ಅಂತ. ನಾಗೇಶಿಯವರು ಇದಕ್ಕೆ ಏನಂತೀರಿ?’

ಆ ಹೆಣ್ಣುಮಗಳು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ದಪ್ಪು ಎತ್ತಿದಳು. ಅತ್ತೆಯೂ ಒಂದು ಕಾಲಕ್ಕೆ ಸೊಸೆ, ಅವಳ ರೊಟ್ಟಿಯ ಲೆಕ್ಕ ಯಾರು ಬರೆದಿಟ್ಟರು ಎನ್ನುವಲ್ಲಿಂದ ಹಿಡಿದು, ಶಿವ ಭಿಕ್ಷೆಗೆ ನಿಂತದ್ದು ಅನ್ನಪೂರ್ಣೆಯ ಬಾಗಿಲಲ್ಲಿ, ಆ ದಿನ ಪಾರ್ವತಿಗೂ ನೈಟ್ ಶಿಫ್ಟ್ ಇದ್ದಿದ್ದರೆ ಅವನ ಗತಿ ಏನು ಎನ್ನುವತನಕ ನಾಲ್ಕೈದು ನುಡಿ ನಿಂತಲ್ಲೇ ಕಟ್ಟಿದಳು. ‘ನೈಟ್ ಶಿಫ್ಟ್’ ಎನ್ನುವ ಮಾತನ್ನೇ ಹಿರಿಯರು ಬಾಯಲ್ಲಿ ತುತ್ತಿದ್ದಂತೆಯೇ ಹಿಡಿದು ‘ಗೀಯ ಗಾ’ಕ್ಕೆ ಜೋಡಿಸಿದರು. ಸಾಲು ಮುಗಿಯುವ ಮೊದಲೇ, ಸಂದಿಲ್ಲದೆ. ನನಗೆ ಐವತ್ತು ವರ್ಷದ ಹಿಂದಿನ ಕಟ್ಟೆ ಕಣ್ಣೆದುರು ಬಂತು. ಅಡಿಗೆಯವರು ಮರಾಠಿಯವರು, ಸೌಟು ಹಿಡಿದುಕೊಂಡೇ ತಲೆ ಹಾಕುತ್ತಿದ್ದರು. ಅಷ್ಟರಲ್ಲಿ ನಿರೂಪಕಿ ಬಂದು ಚಪ್ಪಾಳೆ ತಟ್ಟಿ, ರಿಹರ್ಸಲ್‌ಗೆ ತಡವಾಯಿತು ಎಂದು ಎಲ್ಲರನ್ನೂ ಒಳಗೆ ಕರೆದರು. ಎರಡು ದಿನದಲ್ಲಿ ಗೀಗೀ ಎಂಬುದು ನಡೆದದ್ದು ಆ ಹತ್ತು ನಿಮಿಷ, ಮುಸುರೆ ತೊಳೆಯುವ ಜಾಗದಲ್ಲಿ.

ಸಂಜೆಯ ಸಮಾರೋಪಕ್ಕೆ ಗಂಡಸರಿಗೆ ಪಟಕ, ಹೆಂಗಸರಿಗೆ ಇಳಕಲ್ ಸೀರೆ. ಅರ್ಧ ಜನ ಹರದೇಶಿ, ಅರ್ಧ ಜನ ನಾಗೇಶಿ. ಎಲ್ಲರ ಕೈಯಲ್ಲೂ ಒಂದು ಹಾಳೆ. ಎಡಗಡೆ ಸವಾಲು, ಬಲಗಡೆ ಜವಾಬು, ಎರಡೂ ಛಾಪಿಸಿದ್ದು. ಯಾರೂ ತಡವರಿಸಲಿಲ್ಲ, ಯಾರೂ ಸಿಕ್ಕಿಕೊಳ್ಳಲಿಲ್ಲ. ಪ್ರಶ್ನೆಪತ್ರಿಕೆಯ ಜೊತೆಗೇ ಉತ್ತರ ಹಂಚಿ ನಡೆಸಿದ ಪರೀಕ್ಷೆ. ಕೊನೆಗೆ ಎರಡೂ ಕಡೆಯವರು ಕೈಕೈ ಹಿಡಿದು ಗಂಡು ಹೆಣ್ಣು ಸಮಾನ ಎಂದು ಹಾಡಿದರು. ಮಾತು ಒಳ್ಳೆಯದೇ. ಆದರೆ ಜಗಳವೇ ಆಡದೆ ರಾಜಿಯಾದರೆ ಅದಕ್ಕೇನು ಬೆಲೆ?

ಕಮ್ಮಟವೇ ಬೇಡ ಅಂತ ನಾನು ಅನ್ನುವುದಿಲ್ಲ. ಹೊರಗಿರುವ ನಮಗೆ ಮೂರು ನಿಮಿಷದ ಪದವೂ ದೊಡ್ಡದೇ. ನನ್ನ ಮೊಮ್ಮಗ ಆ ವಾರವೆಲ್ಲ ‘ಗೀಯ ಗಾ’ ಅಂತ ಮನೆ ತುಂಬ ಓಡಾಡಿದ, ಅವನ ಬಾಯಲ್ಲಿ ಕನ್ನಡ ಬಂದದ್ದೇ ನನಗೆ ಹಬ್ಬ. ಆದರೆ ಊರಿನಲ್ಲಿರುವ ನಿಮ್ಮನ್ನು ಒಂದು ಕೇಳಬೇಕು. ನಮಗೆ ಕಳಿಸುವಾಗ ಯಾಕೆ ಯಾವಾಗಲೂ ಸಿಪ್ಪೆ ಸುಲಿದು, ಬೀಜ ತೆಗೆದು ಕಳಿಸುತ್ತೀರಿ? ದೂರ ಇದ್ದವರಿಗೆ ಹಲ್ಲಿಲ್ಲ ಅಂತ ತಿಳಿದಿದ್ದೀರಾ?

ಲೆಕ್ಕದ ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಕೀಬೋರ್ಡ್ ಮತ್ತು ಪ್ಯಾಡ್ ಇಬ್ಬರಿಗೆ ಹದಿನಾಲ್ಕು ಸಾವಿರ. ಮೇಳದ ಮೂವರಿಗೆ, ಬಸ್ ಚಾರ್ಜು ಸೇರಿ, ಒಂಬತ್ತು ಸಾವಿರ. ಕೀಬೋರ್ಡಿನವರದು ‘ಸಂಗೀತ’ದ ತಲೆಬರಹದ ಕೆಳಗೆ ಹೋಯಿತು. ಮೇಳದವರದು ‘ಇತರೆ ಖರ್ಚು’. ಆ ವೋಚರು ಬರೆದದ್ದು ನಾನು, ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಬೇರೆಯವರ ವೋಚರಿನ ತಪ್ಪು ಹುಡುಕಿದ ಎಂಕಾಂ ಪದವೀಧರ. ಆಡಿಟಿನವರು ಏನೂ ಕೇಳಲಿಲ್ಲ.

ರಾತ್ರಿ ಸ್ವಾರಗೇಟಿನಲ್ಲಿ ಅವರನ್ನು ಬಸ್ಸು ಹತ್ತಿಸಲು ಹೋಗಿದ್ದೆ. ಎದುರು ಮೇಳ ಬೇಡ ಅಂದದ್ದು ನಾನೇ ಎಂದು ಹೇಳಿಬಿಟ್ಟೆ. ಆ ಹೆಣ್ಣುಮಗಳು ಬೇಜಾರು ಮಾಡಿಕೊಳ್ಳಲಿಲ್ಲ. ‘ಹೋಗ್ಲಿ ಬಿಡ್ರಿ ಕಾಕಾ, ಆ ಹುಡುಗಿ ಒಬ್ಬಾಕಿ ಸವಾಲ್ ಹಾಕಿದ್ಲಲ್ಲ. ಬರೂ ಅಮಾಸಿಗೆ ನಮ್ಮೂರಾಗ ಪದಾ ಅದಾವು, ಎರಡೂ ಮೇಳಾ. ಆಕೀನ್ನೂ ಕರಕೊಂಡ್ ಬರ್ರಿ’ ಅಂದಳು. ಮರುದಿನ ಹುಡುಗಿಗೆ ಫೋನ್ ಮಾಡಿದೆ. ರಜೆ ಹಾಕಿ ಬಂದಳು. ಬರುವಾಗ ಅತ್ತೆಯನ್ನೂ ಕರೆದುಕೊಂಡು ಬಂದಿದ್ದಳು.