ಟಿಕೆಟ್ ಮಷಿನ್‌ಗೆ ಗೊತ್ತಿರುವ ಊರು

ಬೆಂಗಳೂರಿನ ನಗರ ಸಾರಿಗೆ ಸಂಸ್ಥೆ ಬಿಎಂಟಿಸಿ 2016ರಲ್ಲಿ ಬಸ್ಸುಗಳಿಗೆ ಜಿಪಿಎಸ್ ಕೂಡಿಸಿ, ಕಂಡಕ್ಟರುಗಳ ಕೈಗೆ ಹೊಸ ಟಿಕೆಟ್ ಮಷಿನ್ ಕೊಟ್ಟು, ಶಾಂತಿನಗರದಲ್ಲಿ ನಿಯಂತ್ರಣ ಕೊಠಡಿ ತೆರೆಯಿತು. ಆಗ ಬಂದ ಆ್ಯಪ್ ಜನರ ನಂಬಿಕೆ ಗಳಿಸಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಬಂದ ‘ನಮ್ಮ ಬಿಎಂಟಿಸಿ’ ಅದಕ್ಕಿಂತ ಎಷ್ಟೋ ಮೇಲು. ವಿಜಯನಗರದ ನಿಲ್ದಾಣದಲ್ಲಿ ನಿಂತವರು ನಾಗರಬಾವಿ ಬಸ್ ಎಲ್ಲಿಗೆ ಬಂದಿದೆ ಎಂದು ನೋಡಬಹುದು. ಕತ್ತಲಾದ ಮೇಲೆ ಒಬ್ಬರೇ ಕಾಯುವವರಿಗೆ ಅದು ಸಣ್ಣ ಉಪಕಾರವಲ್ಲ.

ಆದರೂ ಈ ವ್ಯವಸ್ಥೆಯ ಅರ್ಧ ಕೆಲಸವಷ್ಟೇ ಆಗಿದೆ ಎಂಬುದು ನನ್ನ ಅಭಿಪ್ರಾಯ. ಬರುತ್ತಿರುವ ಬಸ್ಸನ್ನು ಆ್ಯಪ್ ತೋರಿಸುತ್ತದೆ. ಈ ತಿಂಗಳು ನಮ್ಮ ಸ್ಟಾಪಿಗೆ ಬರಬೇಕಿದ್ದ ಎಷ್ಟು ಟ್ರಿಪ್ ರದ್ದಾದವು, ಯಾವ ಹೊತ್ತಿನಲ್ಲಿ ಎಂಬುದನ್ನು ತೋರಿಸುವುದಿಲ್ಲ. ಪ್ರಯಾಣಿಕ ಕಾಯುವುದನ್ನು ಸುಲಭ ಮಾಡಿದ್ದಾರೆ. ಕಾಯಿಸುವ ನಿರ್ಧಾರವನ್ನು ಅವನ ಕಣ್ಣಿಗೆ ಬೀಳಿಸಿಲ್ಲ.

ಜಿಪಿಎಸ್‌ಗಿಂತ ಬೆಲೆಯುಳ್ಳದ್ದು ಟಿಕೆಟ್. ಲಂಡನ್ನಿನ ಬಸ್ಸುಗಳಲ್ಲಿ ಹತ್ತುವಾಗ ಮಾತ್ರ ಕಾರ್ಡ್ ಮುಟ್ಟಿಸುತ್ತಾರೆ. ಎಲ್ಲಿ ಇಳಿದರು ಎಂಬುದನ್ನು ಅಲ್ಲಿನ ಸಾರಿಗೆ ಸಂಸ್ಥೆ ಲೆಕ್ಕ ಹಾಕಿ ಊಹಿಸಬೇಕು. ನಮ್ಮ ಕಂಡಕ್ಟರ್ ‘ಎಲ್ಲಿಗೆ?’ ಎಂದು ಕೇಳಿ ಸ್ಟೇಜ್ ಒತ್ತುತ್ತಾರೆ. ಹತ್ತಿದ ಜಾಗ, ಇಳಿಯುವ ಜಾಗ, ಹೊತ್ತು ಮೂರೂ ದಾಖಲಾಗುತ್ತವೆ. 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಈ ದಾಖಲೆ ಇನ್ನಷ್ಟು ತುಂಬಿಕೊಂಡಿತು. ತಿಂಗಳ ಪಾಸ್ ತೋರಿಸಿ ಹೋಗುತ್ತಿದ್ದ ಹೆಣ್ಣುಮಕ್ಕಳ ಒಂದೊಂದು ಪ್ರಯಾಣಕ್ಕೂ ಟಿಕೆಟ್ ಇರಲಿಲ್ಲ. ಈಗ ಪ್ರತಿ ಪ್ರಯಾಣಕ್ಕೂ ಶೂನ್ಯ ದರದ ಟಿಕೆಟ್ ಹರಿಯಲೇಬೇಕು, ಏಕೆಂದರೆ ಸರ್ಕಾರ ನಿಗಮಕ್ಕೆ ಹಣ ತುಂಬಿಕೊಡುವುದು ಅದರ ಲೆಕ್ಕದ ಮೇಲೆ. ಮೈಸೂರು ರಸ್ತೆಯ ಗಾರ್ಮೆಂಟ್ಸ್ ಹೆಂಗಸರು ಬೆಳಿಗ್ಗೆ ಎಲ್ಲಿಂದ ಹೊರಡುತ್ತಾರೆ, ಸಂಜೆ ಎಲ್ಲಿಗೆ ಮರಳುತ್ತಾರೆ ಎಂಬುದು ಮಷಿನ್‌ಗೆ ಗೊತ್ತು. ಹಣ ಕೇಳಲು ಇಟ್ಟ ಈ ಲೆಕ್ಕವೇ ಬಸ್ ಎಲ್ಲಿ ಬೇಕು ಎಂಬುದನ್ನೂ ಹೇಳಬಲ್ಲದು.

ಪಶ್ಚಿಮ ಬೆಂಗಳೂರಿನಲ್ಲಿ ಈ ಲೆಕ್ಕದ ಅಗತ್ಯ ಎದ್ದು ಕಾಣುತ್ತದೆ. ಮೆಟ್ರೊದ ನೇರಳೆ ಮಾರ್ಗ 2021ರ ಆಗಸ್ಟಿನಲ್ಲಿ ಕೆಂಗೇರಿಗೆ, 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟಕ್ಕೆ ಮುಟ್ಟಿತು. ಹಸಿರು ಮಾರ್ಗ 2014ರಿಂದ ರಾಜಾಜಿನಗರದಲ್ಲಿದೆ. ನಡುವೆ ಸಿಕ್ಕಿಕೊಂಡ ಬಸವೇಶ್ವರನಗರಕ್ಕೆ ಎರಡೂ ಹತ್ತಿರ, ಯಾವುದೂ ನಡಿಗೆಯಳತೆಯಲ್ಲಿಲ್ಲ. ಅಲ್ಲಿನ ಪವಿತ್ರ ಪ್ಯಾರಡೈಸ್ ಅಥವಾ ಹಾವನೂರು ಸರ್ಕಲ್ಲಿನಿಂದ ಮೆಟ್ರೊ ಹಿಡಿಯಲು ಫೀಡರ್ ಬಸ್ಸೇ ಬೇಕು. ಮಾರ್ಗವನ್ನು ಕಿಲೋಮೀಟರಿಗೆ ಎಷ್ಟು ಆದಾಯ ಎಂಬ ಒಂದೇ ಕೋಲಿನಿಂದ ಅಳೆದರೆ, ಅರ್ಧ ಗಂಟೆಗೊಮ್ಮೆ ಓಡುವ ಫೀಡರ್ ನಷ್ಟದ್ದಾಗಿಯೇ ಕಾಣುತ್ತದೆ. ಅಷ್ಟು ಕಾಯುವ ಬದಲು ಜನ ಆಟೊ ಹತ್ತುತ್ತಾರೆ, ಟಿಕೆಟ್ ಕಡಿಮೆಯಾಗುತ್ತದೆ. ಆ ಕಡಿಮೆ ಟಿಕೆಟ್ಟೇ ಇನ್ನೊಂದು ಟ್ರಿಪ್ ಕಡಿತಕ್ಕೆ ಸಾಕ್ಷಿಯಾಗಿ ನಿಲ್ಲಬಹುದು.

ದತ್ತಾಂಶದ ದೊಡ್ಡ ಅಪಾಯ ಇದೇ. ಹತ್ತಿದವರು ಲೆಕ್ಕಕ್ಕೆ ಸಿಗುತ್ತಾರೆ. ಸ್ಟಾಪಿನಲ್ಲಿ ನಿಂತು ಬೇಸತ್ತು ಹೋದವರು, ತುಂಬಿದ ಬಸ್ಸಿನ ಮೆಟ್ಟಿಲಲ್ಲೂ ಜಾಗ ಸಿಗದವರು ಸಿಗುವುದಿಲ್ಲ. ನೂಕುನುಗ್ಗಲಿನಲ್ಲಿ ಕಂಡಕ್ಟರ್ ಎರಡು ಸ್ಟಾಪ್ ದಾಟಿದ ಮೇಲೆ ಟಿಕೆಟ್ ಕೊಟ್ಟರೆ ಹತ್ತಿದ ಜಾಗವೂ ತಪ್ಪಾಗಿ ದಾಖಲಾದೀತು. ಇದನ್ನು ತಿದ್ದಬಲ್ಲವರು ದಿನವೂ ಆ ರಸ್ತೆಯಲ್ಲಿ ಓಡಾಡುವ ಕಂಡಕ್ಟರುಗಳು ಮತ್ತು ಪ್ರಯಾಣಿಕರು. ಅವರು ತಿದ್ದಬೇಕಾದರೆ ಅಂಕಿ ಮೊದಲು ಅವರ ಕೈಗೆ ಬರಬೇಕು.

ಪ್ರಯಾಣಿಕರ ಗುರುತು ಹೇಳದೆ, ಸ್ಟೇಜ್‌ವಾರು, ಗಂಟೆವಾರು ಟಿಕೆಟ್ ಲೆಕ್ಕವನ್ನೂ ರದ್ದಾದ ಟ್ರಿಪ್‌ಗಳನ್ನೂ ತಿಂಗಳಿಗೊಮ್ಮೆ ಪ್ರಕಟಿಸುವುದು ಕಷ್ಟವಲ್ಲ. ಮಾಗಡಿ ರಸ್ತೆ ಮತ್ತು ಹೊರವರ್ತುಲ ರಸ್ತೆಯ ಮೆಟ್ರೊ ಮೂರನೇ ಹಂತಕ್ಕೆ 2024ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿದೆ. ಅದು ಓಡುವ ತನಕ ಈ ಭಾಗದ ಭಾರ ಬಸ್ಸಿನದೇ. ಮೊದಲ ಪಟ್ಟಿಯನ್ನು ವಿಜಯನಗರ ಮತ್ತು ಕೆಂಗೇರಿ ನಿಲ್ದಾಣಗಳ ಗೋಡೆಗೆ ಕನ್ನಡದಲ್ಲಿ ಅಂಟಿಸಲಿ. ಸ್ಮಾರ್ಟ್‌ಫೋನ್ ಇಲ್ಲದವರೂ ಓದಿ, ತಮ್ಮ ಸ್ಟಾಪಿನ ಲೆಕ್ಕ ತಪ್ಪಿದ್ದರೆ ಡಿಪೋ ಮ್ಯಾನೇಜರ್ ಮುಂದೆ ಹೇಳಲಿ.