ಮಲಪ್ರಭೆಯ ಹಿನ್ನೀರಿಗೆ ಬರುವ ಹೆಬ್ಬಾತು

ಬನದ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡದತ್ತ ಚಕ್ಕಡಿಗಳು ಸಾಲುಗಟ್ಟುವ ದಿನಗಳಲ್ಲಿ ಮಲಪ್ರಭೆಯ ಹಿನ್ನೀರಿಗೂ ದೂರದ ಊರಿನವರು ಬಂದಿರುತ್ತಾರೆ. ನವಿಲುತೀರ್ಥದ ಅಣೆಕಟ್ಟೆಯ ಹಿಂದೆ ನೀರು ಇಳಿದಂತೆಲ್ಲ ಎರೆಮಣ್ಣಿನ ಹಸಿ ದಂಡೆ ತೆರೆದುಕೊಳ್ಳುತ್ತದೆ. ವಲಸೆ ಹಕ್ಕಿಗಳಿಗೆ ಅದೇ ಊಟದ ಮನೆ.

ನನ್ನ ಕಣ್ಣು ಹುಡುಕುವುದು ಪಟ್ಟೆತಲೆ ಹೆಬ್ಬಾತನ್ನು. ಬೂದು ಮೈ, ಕಿತ್ತಳೆ ಕಾಲು, ಬಿಳಿ ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ ಹಿಮಾಲಯ ದಾಟಿ ಬರುವ ಜಾತಿ ಇದು. 7,000 ಮೀಟರಿಗೂ ಮೇಲೆ ಇದು ಹಾರಿದ್ದನ್ನು ಮೈಗೆ ಕಟ್ಟಿದ ಉಪಕರಣಗಳು ದಾಖಲಿಸಿವೆ. ಅಲ್ಲಿನ ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುವ ರಕ್ತ ಇದರದು. ಇಷ್ಟೆಲ್ಲ ಸಾಹಸ ಮಾಡಿ ಬಂದದ್ದು ಇಲ್ಲಿ ದನದಂತೆ ತಲೆ ತಗ್ಗಿಸಿ ಹುಲ್ಲು, ಎಳೆಪೈರು ಮೇಯುತ್ತದೆ! ಹಿಂಡು ಮೇಯುವಾಗಲೂ ಒಂದೆರಡು ಕತ್ತು ಮಾತ್ರ ಕಾವಲಿಗೆ ನೆಟ್ಟಗಿರುತ್ತವೆ.

ಗದಗ ಜಿಲ್ಲೆಯ ಮಾಗಡಿ ಕೆರೆ ಈ ಹಕ್ಕಿಯಿಂದಲೇ ಹೆಸರಾಗಿದೆ. 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಯನ್ನೂ ಸೇರಿತು. ಬೈಲಹೊಂಗಲ, ರಾಮದುರ್ಗದವರಿಗೆ ಮಲಪ್ರಭೆಯ ದಂಡೆಯೇ ಹತ್ತಿರ. ಬೆಳಗಿನ ಬಿಸಿಲನ್ನು ಬೆನ್ನಿಗಿಟ್ಟುಕೊಂಡು, ದುರ್ಬೀನು ಹಿಡಿದು ದೂರದಲ್ಲೇ ನಿಲ್ಲಿ. ಸೆಲ್ಫಿಗೆಂದು ಹತ್ತಿರ ಹೋದಿರೋ, ಇಡೀ ಹಿಂಡೇ ಎದ್ದು ಹೋಗುತ್ತದೆ.