‘ಮಂಗನ ಕಾಯಿಲೆ’ ಎಂಬ ಹೆಸರಿನ ಅರ್ಥವಿಚಾರ

ವಸ್ತುವನ್ನು ಕಣ್ಣಾರೆ ಕಂಡವನಿಗೆ ಅದರ ಹೆಸರು ಕುರುಹು ಮಾತ್ರ. ಕಾಣದವನಿಗಾದರೋ ಹೆಸರೇ ಪ್ರಮಾಣವಾಗುವುದು. ‘ಮಂಗನ ಕಾಯಿಲೆ’ಯು ಮಲೆನಾಡಿನ ಕಾಡುಗಳಲ್ಲಿ ಮೊದಲು ಕಂಡುಬಂದ ರೋಗ. ಬೀದರ ನಗರ, ಭಾಲ್ಕಿ, ಔರಾದಗಳ ಬಯಲುನಾಡಿನ ವಿದ್ಯಾರ್ಥಿಗೆ ಅದು ಶಬ್ದದಿಂದಲೇ ತಿಳಿಯತಕ್ಕುದು. ಆ ಶಬ್ದವು ಅವನಿಗೆ ಏನನ್ನು ಬೋಧಿಸುವುದೆಂಬುದು ವಿಚಾರಾರ್ಹವಾಗಿದೆ.

‘ಮಂಗನ’ ಎಂಬುದು ಷಷ್ಠ್ಯಂತ. ಷಷ್ಠಿಯು ಸಂಬಂಧವನ್ನು ಹೇಳುವುದೇ ಹೊರತು ಎಂತಹ ಸಂಬಂಧವೆಂಬುದನ್ನು ನಿಯಮಿಸುವುದಿಲ್ಲ. ‘ಮಗುವಿನ ಜ್ವರ’ವೆಂದರೆ ಮಗುವು ಅನುಭವಿಸುವ ಜ್ವರ, ‘ಹಾವಿನ ವಿಷ’ವೆಂದರೆ ಹಾವಿನಲ್ಲಿ ಹುಟ್ಟಿ ಪರರನ್ನು ಕೊಲ್ಲುವ ವಿಷ. ಒಂದೆಡೆ ನೊಂದವನು, ಇನ್ನೊಂದೆಡೆ ನೋಯಿಸುವವನು, ವಿಭಕ್ತಿ ಒಂದೇ. ಮರಾಠಿಯ ‘ಮಾಕಡತಾಪ’ದಲ್ಲಿ ಸಮಾಸದಿಂದ ವಿಭಕ್ತಿಯೇ ಮರೆಯಾಗಿ ಸಂದೇಹವು ಮತ್ತಷ್ಟು ಬಲಿಯುವುದು. ಮರಾಠಿಯೂ ಬಳಕೆಯಲ್ಲಿರುವ ಭಾಲ್ಕಿ, ಔರಾದಗಳ ಅಧ್ಯಾಪಕರಿಗೆ ಈ ಎರಡು ಹೆಸರುಗಳ ಹೋಲಿಕೆಯು ಉಪಯುಕ್ತವಾದುದು.

ಇಂತಹ ಸಂದೇಹದಲ್ಲಿ ವಸ್ತುಸ್ಥಿತಿಯೇ ನಿರ್ಣಾಯಕ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಕೋಡಗಗಳೂ ಸತ್ತುಬಿದ್ದವು; ಸುತ್ತಲಿನ ಹಳ್ಳಿಗರೂ ತೀವ್ರಜ್ವರಕ್ಕೆ ಗುರಿಯಾದರು. ಅದು ಹಳದಿಜ್ವರವಿರಬಹುದೆಂದು ಮೊದಲು ಶಂಕೆಯುಂಟಾಯಿತು. 1952ರಲ್ಲಿ ಸ್ಥಾಪಿತವಾಗಿದ್ದ ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಸತ್ತ ಮಂಗನ ದೇಹದಿಂದ ವೈರಸ್ಸನ್ನು ಬೇರ್ಪಡಿಸಿ ಪರೀಕ್ಷಿಸಲಾಗಿ, ಅದು ಉಣ್ಣೆಗಳಿಂದ ಹರಡುವ ರಷ್ಯಾದೇಶದ ಮಿದುಳುಜ್ವರದ ವೈರಸ್ಸಿಗೆ ಸಮೀಪಬಂಧುವೆಂದು ತಿಳಿದುಬಂದಿತು. ಇಲ್ಲಿಯೂ ರೋಗವನ್ನು ಮುಟ್ಟಿಸುವುದು ಕಾಡಿನ ಉಣ್ಣೆಯೇ. ಮಂಗನೂ ಮನುಷ್ಯನೂ ಅದರ ಕಡಿತಕ್ಕೆ ಸಿಕ್ಕವರು. ಮಂಗನು ಸತ್ತಲ್ಲಿ ಅದರ ಮೈಯ ಉಣ್ಣೆಗಳು ನೆಲಕ್ಕಿಳಿದು ಆ ಸ್ಥಳವನ್ನು ಅಪಾಯಕರವಾಗಿ ಮಾಡುವುದು ನಿಜ; ಅಷ್ಟರಿಂದ ಮಂಗನಿಗೆ ಕರ್ತೃತ್ವವು ಸಿದ್ಧಿಸುವುದಿಲ್ಲ.

ವೈರಸ್ಸು ದೊರೆತುದಕ್ಕೂ ರೋಗಕಾರಣವು ನಿರ್ಣಯವಾದುದಕ್ಕೂ ಭೇದವುಂಟು. ಉತ್ತರಧ್ರುವದ ಕಡಲುಗಳ ತಿಮಿಂಗಿಲಗಳ ಉಸಿರಿನ ತುಂತುರಿನಲ್ಲಿ ವೈರಸ್ಸಿನ ಅಂಶ ಕಂಡಾಗಲೂ, ಅದು ಅಲ್ಲಿದೆಯೆಂಬಷ್ಟೇ ಸಿದ್ಧವಾಗುವುದು. ಯಾರು ಯಾರಿಗೆ ಮುಟ್ಟಿಸಿದರೆಂಬುದು ಬೇರೆಯೇ ಸಾಧನವನ್ನು ಅಪೇಕ್ಷಿಸುವುದು.

ಇದಕ್ಕೆ ಪ್ರತಿಯಾಗಿ, ಭಾರತದಲ್ಲಿ 2019ರಲ್ಲಿ ಮೊದಲು ಕಂಡುಬಂದ ದನಗಳ ‘ಚರ್ಮಗಂಟು ರೋಗ’ವನ್ನು ನೋಡಬಹುದು. ಬೀದರ ಸೀಮೆಯ ದೇವಣಿ ತಳಿಯ ದನಗಳನ್ನು ಸಾಕುವ ರೈತನಿಗೆ ಈ ಹೆಸರು ನೋಡತಕ್ಕ ಚಿಹ್ನೆಯನ್ನು ತಿಳಿಸುವುದು, ಯಾರನ್ನೂ ದೂಷಿಸುವುದಿಲ್ಲ. ಆದರೆ ಕೀಟಗಳ ಕಡಿತದಿಂದಲೂ ಗಂಟುಗಳು ಏಳುವುದರಿಂದ ಇದರಲ್ಲಿ ಅತಿವ್ಯಾಪ್ತಿದೋಷವಿದೆ; ಪ್ರಯೋಗಶಾಲೆಯ ಪರೀಕ್ಷೆಯೇ ಅದಕ್ಕೆ ಪರಿಹಾರ.

ಹಾಗಾದರೆ ‘ಮಂಗನ ಕಾಯಿಲೆ’ಯೆಂಬ ಹೆಸರನ್ನು ಬಿಡಬೇಕೇ? ಹೊಸ ರೋಗಗಳಿಗೆ ಪ್ರಾಣಿಗಳ ಹೆಸರನ್ನೂ ಊರುಗಳ ಹೆಸರನ್ನೂ ಇಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಸೂಚಿಸಿದೆ. ಆ ನಿಯಮದಂತೆ ‘ಕ್ಯಾಸನೂರು’ ಎಂಬುದೂ ನಿರ್ದೋಷವಲ್ಲ. ‘ಉಣ್ಣೆಜ್ವರ’ವೆಂದರೆ ಉಣ್ಣೆಗಳು ತರುವ ಬೇರೆ ಜ್ವರಗಳೂ ಅದರೊಳಗೆ ಸೇರುವುವು. ಜನರ ನಾಲಗೆಯಲ್ಲಿ ನೆಲೆಗೊಂಡ ರೂಢಿಯನ್ನು ಕಿತ್ತು ಹಾಕುವುದಕ್ಕಿಂತ, ಷಷ್ಠಿಯ ಅರ್ಥವನ್ನು ಸ್ಪಷ್ಟಪಡಿಸುವುದೇ ಯುಕ್ತ: ಇದು ಮಂಗನು ತರುವ ಕಾಯಿಲೆಯಲ್ಲ, ಮಂಗನಿಗೂ ಬರುವ ಕಾಯಿಲೆ.

ಈ ವಿವರಣೆಯು ಕೇವಲ ವ್ಯಾಕರಣವಿನೋದವಲ್ಲ. ಕಾಡಿನಲ್ಲಿ ಮಂಗನು ಸತ್ತುದು ಊರಿಗೆ ಮುಂಚಿತವಾಗಿ ಬರುವ ಎಚ್ಚರಿಕೆ. ಮಂಗನನ್ನು ಶತ್ರುವೆಂದು ಬಗೆದವನು ಅದರ ಸಾವಿನಿಂದ ನೆಮ್ಮದಿಗೊಂಡಾನು. ಸಹರೋಗಿಯೆಂದು ತಿಳಿದವನು ಶವದ ಬಳಿಗೆ ಹೋಗದೆ ಆರೋಗ್ಯಾಧಿಕಾರಿಗಳಿಗೆ ಸುದ್ದಿ ಮುಟ್ಟಿಸುವನು. ವಿಭಕ್ತ್ಯರ್ಥವನ್ನು ಕಲಿಸುವ ಅಧ್ಯಾಪಕರು ಈ ಉದಾಹರಣೆಯನ್ನು ಪಾಠದಲ್ಲಿ ಸೇರಿಸಿಕೊಳ್ಳುವುದು ಉಚಿತ.